ಪ್ರೊಜೆಕ್ಟರಿನ ಮೆರವಣಿಗೆ

ಮುಂಡರಗಿಯಲ್ಲಿ ನಮ್ಮ ಮೊದಲ ಸಿನಿಮಾ ಉತ್ಸವ ಒಂದೇ ಒಂದು ಪದಕ್ಕೆ ಸಿಕ್ಕಿ ನಿಂತುಹೋಗುತ್ತಿತ್ತು. ದೊಡ್ಡ ಕಂಪನಿಗಳ ಹಂಗಿಲ್ಲದೆ ನಮ್ಮಂಥವರೇ ತೆಗೆದ ಸಿನಿಮಾಗಳನ್ನು ಶಾಲೆಯ ಬಯಲಿನಲ್ಲಿ ತೋರಿಸಬೇಕಿತ್ತು. ಮೈಕಿನ ಪರವಾನಗಿಗೆ ಹೋದರೆ ಅಧಿಕಾರಿ ಕೇಳಿದರು:

“ಉತ್ಸವ ಅಂತೀರಿ, ಯಾವ ದೇವರದ್ರಿ?”

“ದೇವರಿಲ್ರಿ, ಸಿನಿಮಾ.”

“ದೇವರಿಲ್ಲದ ಉತ್ಸವ ಎಲ್ಲೈತ್ರಿ? ಮೆರವಣಿಗಿ ಹಾದಿ ಹೇಳ್ರಿ. ಇಲ್ಲಾಂದ್ರ ಸಹಿ ಆಗಂಗಿಲ್ಲ.”

ಸಿಟ್ಟು ನೆತ್ತಿಗೇರಿತು. ಇಂಥ ಮೇಜುಗಳ ಮುಂದೆ ಕೂಗಿಯೇ ನನ್ನ ಗಂಟಲು ಒರಟಾಗಿರುವುದು.

“ಹಂಗಾರ ಬರಕೋರಿ! ಬಸ್‌ಸ್ಟ್ಯಾಂಡಿನಿಂದ ಶಾಲಿತನಕ ಪ್ರೊಜೆಕ್ಟರ್ ಮೆರವಣಿಗಿ!”

ಅವರು ನಗಲೇ ಇಲ್ಲ. ಬರೆದುಕೊಂಡು ಸಹಿ ಹಾಕಿದರು.

ಹೇಳಿದ ಮೇಲೆ ಮಾಡಲೇಬೇಕಲ್ಲ. ಗದಗಿನಿಂದ ತಂದ ಪ್ರೊಜೆಕ್ಟರನ್ನು ತಳ್ಳುಗಾಡಿಯ ಮೇಲೆ ಕೂರಿಸಿ, ಹಲಗೆ ಬಡಿಯುತ್ತ ಹೊರಟೆವು. ಚಹಾದಂಗಡಿಯ ಮುಂದೆ ಅಜ್ಜಿಯೊಬ್ಬಳು ಕೈಮುಗಿದಳು.

“ಯಾವ ದೇವರಪಾ ಇದು, ಒಂದ ಕಣ್ಣಿಂದು?”

“ಸಂಜಿಮುಂದ ಬಾ ಯಮ್ಮಾ, ಕಣ್ಣು ತೆರಿತೈತಿ.”

ಕರಪತ್ರ ಹಂಚಿದರೂ ತಿರುಗಿ ನೋಡದಿದ್ದ ಊರು ಗಾಡಿಯ ಹಿಂದೆಯೇ ಬಂದು ಬಯಲು ತುಂಬಿತು.

ಈಗ ಪ್ರತಿ ವರ್ಷ ಉತ್ಸವ ಶುರುವಾಗುವುದು ಆ ಮೆರವಣಿಗೆಯಿಂದಲೇ. ದೇವರನ್ನು ನಂಬದ ನಾನು, ಪ್ರೊಜೆಕ್ಟರಿಗೆ ಕಾಯಿ ಒಡೆಯಬೇಡಿ ಎಂದು ದಾರಿಯುದ್ದಕ್ಕೂ ಜಗಳಾಡುತ್ತೇನೆ. ಕೊಬ್ಬರಿ ಕೊಟ್ಟರೆ ಮಾತ್ರ ಬೇಡ ಅನ್ನುವುದಿಲ್ಲ.