ತಾವರಗೇರಾದ ಚಿಂಪಾಂಜಿ ನಗುತ್ತಿರಲಿಲ್ಲ

ವೀರಣ್ಣ, ಅದು ನಗುತ್ತಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ “ನಗಾಕತ್ತೈತಿ, ಕೊಡ್ರಿ” ಎಂದೆ. ನಿಮ್ಮ ಬಲಗೈ ಹೋದದ್ದು ಆ ಮಾತಿನಿಂದ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಹೈದರಾಬಾದಿನಲ್ಲಿ ಪ್ರಾಣಿಶಾಸ್ತ್ರ ಓದಿ ಊರಿಗೆ ಮರಳಿದ್ದೆ. ತಾವರಗೇರಾದ ಸಂತೆಯಲ್ಲಿ ಸರ್ಕಸ್ಸಿನವರು ಬಂಡಿಯ ಮೇಲೊಂದು ಪಂಜರ ಇಟ್ಟಿದ್ದರು — ಒಳಗೆ ಚಿಂಪಾಂಜಿ. ಕಿನ್ನಾಳದಿಂದ ಮರದ ಬೊಂಬೆ ಮಾರಲು ಬಂದಿದ್ದ ನೀವು ಗಿರಾಕಿಗಳನ್ನು ಬಿಟ್ಟು ಅದರೆದುರು ಕೈಮುಗಿದು ನಿಂತಿರಿ. ಮೊಣಕಾಲಿಗಿಳಿದ ತೋಳು, ಅಗಲ ಕಿವಿ, ಚಪ್ಪಟೆ ಉಗುರು — ಹನುಮಪ್ಪನನ್ನು ಕೆತ್ತುವ ನಿಮ್ಮ ಕಣ್ಣು ಯಾವುದನ್ನೂ ಬಿಡಲಿಲ್ಲ.

“ಅಂಗೈಯಾಗ ನಮ್ಮಂಗ ಗೆರಿ ಅದಾವ ನೋಡ್ರಿ!” ಎಂದಿರಿ.

“ಬಾಲಾನ ಇಲ್ಲಲ್ಲೋ, ಎಂಥಾ ಹನುಮಪ್ಪ?” ಎಂದು ಯಾರೋ ಕೂಗಿದರು.

“ಲಂಕಾದಾಗ ಸುಟ್ಟ್ ಹೋಗೇತಿ ಬಿಡೋ” ಎಂದಿರಿ ನೀವು.

ಸಂತೆಯೇ ನಕ್ಕಿತು. ನಾನು ಸುಮ್ಮನಿರಬೇಕಿತ್ತು. ಇದು ಮಂಗವೇ ಅಲ್ಲ, ಮನುಷ್ಯನಿಗೆ ಹತ್ತಿರದ ಸಂಬಂಧಿ ಎಂದು ಪಾಠ ಶುರುಮಾಡಿದೆ.

“ಹಂಗಾದ್ರ ನಿಮಗ ಮಾವ ಆಗಬೇಕೇನ್ರಿ, ಕಾಲೇಜ್ ಸಾಹೇಬ್ರ?” ಎಂದಿರಿ.

ಈ ಸಲದ ನಗು ನನ್ನ ಮೇಲೆ. ನೀವು ಸಲಿಗೆಯಿಂದಲೇ ಅಂದದ್ದು. ನನ್ನ ಮೈ ಉರಿಯಿತು.

ಆ ಗದ್ದಲಕ್ಕೆ ಪ್ರಾಣಿ ಬೆದರಿತು. ಹೆಗಲ ಕೂದಲು ಸೆಟೆದವು. ಮುಷ್ಟಿಯ ಗೆಣ್ಣು ಊರಿ ಮೈ ತೂಗತೊಡಗಿತು. ತುಟಿ ಹಿಂದಕ್ಕೆಳೆದು ಹಲ್ಲನ್ನೆಲ್ಲ ತೋರಿಸಿತು. ಹೆದರಿದ ಚಿಂಪಾಂಜಿ ಹೀಗೇ ಹಲ್ಲು ಕಿರಿಯುತ್ತದೆ, ಅದರ ತೋಳಬಲದೆದುರು ಗಟ್ಟಿ ಗಂಡಸೂ ಕೂಸು — ಇದೆಲ್ಲ ಓದಿದ್ದೆ.

“ಹನುಮಪ್ಪ ನಗಾಕತ್ತಾನೇನ್ರಿ? ಕಾಯಿ ಕೊಡ್ಲಿ?”

ನನ್ನನ್ನೇ ಕೇಳಿದಿರಿ — ಓದಿದವನೆಂದು. ಆಗ ಆ ಮಾತು ಆಡಿದೆ. ಒಂದು ಗೀರು ಬೀಳಲಿ, ಮಂದಿ ನಿಮ್ಮನ್ನೂ ನೋಡಿ ನಗಲಿ, ಅಷ್ಟೇ ಬಯಸಿದ್ದೆನೆಂದು ಹೇಳಿಕೊಳ್ಳುತ್ತ ಬಂದಿದ್ದೇನೆ. ಅಷ್ಟೇ ಆಗಿತ್ತೇ — ಗೊತ್ತಿಲ್ಲ.

ದೇವರಿಗೆ ನೀಡುವ ಹಾಗೆ ಎಡಗೈಯನ್ನು ಬಲಮೊಳಕೈಗೆ ತಾಗಿಸಿ, ಕಣ್ಣು ಮುಚ್ಚಿ, ತೆಂಗಿನಕಾಯಿಯ ಹೋಳು ಹಿಡಿದ ಕೈಯನ್ನು ಸರಳುಗಳ ನಡುವೆ ತೂರಿಸಿದಿರಿ. ಕಣ್ಣು ತೆರೆದಿದ್ದರೆ... ಆ ಕಪ್ಪು ಬೆರಳುಗಳು ನಿಮ್ಮ ಮಣಿಕಟ್ಟನ್ನು ಸುತ್ತಿದ್ದು, ಕೈ ಬಾಯಿಗೆ ಹೋದದ್ದು, ನಿಮ್ಮ ಕೂಗು — ಇವತ್ತಿಗೂ ಬೆಚ್ಚುತ್ತೇನೆ. ಬಿಡಿಸಲು ನುಗ್ಗಿದವರು ಬೇರೆಯವರು. ನಾನು ಹಿಂದೆ ಸರಿದೆ. ಕೊಪ್ಪಳದ ದವಾಖಾನೆಯಲ್ಲಿ ಆ ಕೈಯನ್ನು ತೆಗೆದರು.

ಗಾಯ ಮಾಗಿದ ಮೇಲೆ ಹೇಳಿಬಿಡಬೇಕೆಂದೇ ಕಿನ್ನಾಳಕ್ಕೆ ಬಂದೆ. ನೀವೇ ಮೊದಲು ಮಾತಾಡಿದಿರಿ: “ಅವತ್ತು ನಾ ಜಳಕ ಮಾಡಿದ್ದಿಲ್ರಿ. ಮೈಲಿಗಿ ಕೈಲೆ ಕೊಟ್ಟೆ, ಹನುಮಪ್ಪ ಸಿಟ್ಟಾದ. ನಿಮ್ಮದೇನ್ ತಪ್ಪೈತ್ರಿ? ಚಾ ಕುಡೀರಿ.”

ಚಹಾ ಕುಡಿದು ಬಂದೆ.

ಅಂದಿನಿಂದ ನೀವು ಹನುಮಪ್ಪನ ಗುಡಿಯ ಹೊಸ್ತಿಲು ದಾಟಿಲ್ಲ. ಅವನ ಬೊಂಬೆ ಕೆತ್ತಲು ಮಗನನ್ನೂ ಬಿಟ್ಟಿಲ್ಲವಂತೆ. ಇದನ್ನು ಕೇಳಿದಾಗಲೆಲ್ಲ ಬಾಯಿ ಮುಚ್ಚಿಕೊಂಡೇ ಇದ್ದೆ. ಕೈ ಹೋದ ಮೇಲೆ ನಿಮ್ಮ ದೇವರನ್ನೂ ಕಿತ್ತುಕೊಂಡೆ.

ಈ ಶನಿವಾರ ಬರುತ್ತೇನೆ. ಪೂಜೆಯ ಹೊತ್ತಿಗೆ ನೀವು ಗುಡಿಯ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತೀರಂತೆ. ಮಗನೆದುರು, ಊರವರೆದುರು ಹೇಳುತ್ತೇನೆ — ಯಾವ ದೇವರೂ ನಿಮ್ಮ ಮೇಲೆ ಸಿಟ್ಟಾಗಿರಲಿಲ್ಲ, ಹೆದರಿದ ಪ್ರಾಣಿಯ ಬಾಯಿಗೆ ತಿಳಿದೇ ನಿಮ್ಮನ್ನು ತಳ್ಳಿದವನು ನಾನು. ಆಮೇಲೆ ನೀವು ಒಳಗೆ ಹೋಗಿ. ನನ್ನ ಮುಖ ನೋಡಬೇಕಾಗಿಲ್ಲ.