ರಾಣಿಯನ್ನು ಯಾರೂ ಕೇಳಲಿಲ್ಲ

ನಿನ್ನೆ ಓದಿ ಮುಗಿಸಿದ ಎರಡನೆಯ ಸಂಪುಟಕ್ಕೆ ಜಾಗ ಮಾಡೋಣವೆಂದು ಕಪಾಟಿನಿಂದ ಮೊದಲನೆಯದನ್ನು ಎಳೆದರೆ ಘಮ್ಮೆಂದು ಇಂಗಿನ ವಾಸನೆ. ಅಮೆರಿಕದ ಕಾದಂಬರಿಗೆ ಇಂಗೆಲ್ಲಿಂದ ಬಂತು ಅನ್ನುತ್ತೀರಾ? ಹೇಳುತ್ತೇನೆ.

ನನಗೆ ಡ್ರ್ಯಾಗನ್ನು, ಕತ್ತಿ, ಸಿಂಹಾಸನಗಳ ದಪ್ಪ ಪುಸ್ತಕಗಳ ಹುಚ್ಚು. ಸ್ಕಾರ್‌ಬರೋದಿಂದ ಬರ್ಲಿಂಗ್ಟನ್ನಿನ ಆಫೀಸಿಗೆ, ಈ ಪರದೇಶದ ಊರುಗಳ ನಡುವೆ ದಿನಾ ಗಂಟೆಗಟ್ಟಲೆ ರೈಲಿನಲ್ಲಿ ಹೋಗಿಬರುವವಳಿಗೆ ಎಷ್ಟು ಪುಟವಿದ್ದರೂ ಸಾಲದು. ತಲೆಯಲ್ಲಿ ಬಿಳಿಕೂದಲು ಇಣುಕುವ ವಯಸ್ಸಾದ್ದರಿಂದ ಮುಖಪುಟವನ್ನು ಮಾತ್ರ ಬ್ಯಾಗಿನ ಮರೆಯಲ್ಲಿಟ್ಟುಕೊಳ್ಳುತ್ತೇನೆ.

ಒಂದು ಚಳಿಗಾಲ ಅಮ್ಮ ಮೈಸೂರಿನಿಂದ ಬಂದಿದ್ದಳು. ಮಗು ಬೇಡವೆಂದು ನಾನೂ ನನ್ನ ಗಂಡನೂ ತೀರ್ಮಾನಿಸಿ, ಅವಳಿಗೂ ಹೇಳಿ ಆಗಿತ್ತು. ಅಮ್ಮ ಅದನ್ನು ಹುಡುಗಾಟವೆಂದೇ ತಿಳಿದು, "ಏನಾದ್ರೂ ವಿಶೇಷ ಇದ್ಯೇನೇ?" ಎಂದು ಬೆಳಗಿನ ಕಾಫಿಯ ಜೊತೆಗೇ ಕೇಳುವಳು. ಆ ಮಾತು ತಪ್ಪಿಸಲೆಂದೇ ನಾನು ಸಂಜೆ ಅಡುಗೆಮನೆಯಲ್ಲಿ ಕೂತು, ರೈಲಿನಲ್ಲಿ ಓದಿದ್ದನ್ನು ಕಥೆಯಾಗಿ ಹೇಳತೊಡಗಿದೆ. ಅಮ್ಮ ಫ್ರೋಜನ್ ಅವರೆಕಾಳು ಹಿಸುಕುತ್ತಾ "ಹೂಂ" "ಹೂಂ" ಅನ್ನುವಳು. ಹೂಂಗುಟ್ಟದಿದ್ದರೆ ಕಥೆ ಮುಂದೆ ಹೋಗುವುದಿಲ್ಲವಲ್ಲ.

ಡ್ರ್ಯಾಗನ್ನುಗಳೆಂದರೆ ಅವಳಿಗೆ ಅಷ್ಟಕ್ಕಷ್ಟೆ. ರಾಣಿಯೆಂದರೆ ಕಿವಿ ನೆಟ್ಟಗಾಗುತ್ತಿತ್ತು. ರಾಣಿಗೆ ಮಗು ಬೇಡ. ಮಂತ್ರಿಗಳಿಗೆ ವಾರಸುದಾರ ಬೇಕು. ಬಸಿರು ನಿಲ್ಲದಿರಲೆಂದು ಗುಟ್ಟಾಗಿ ಬೇರಿನ ಕಷಾಯ ಕುಡಿಯುತ್ತಿದ್ದ ರಾಣಿಯನ್ನು ಹಿಡಿದು, ನಿನ್ನ ಬಸಿರು ರಾಜ್ಯದ್ದು ಎಂದು ವಿಚಾರಣೆ ಮಾಡುತ್ತಾರೆ.

"ಹೊರೋಳು ಅವಳು, ಹೆರೋಳು ಅವಳು. ಮಧ್ಯೆ ಇವರದ್ದೇನು?" ಎಂದು ಅಮ್ಮ ಸಿಡುಕಿದಳು. ಅಂದವಳೇ ನನ್ನ ಮುಖ ನೋಡಿದಳು. ಒಗ್ಗರಣೆಗೆಂದು ಹಿಡಿದಿದ್ದ ಇಂಗಿನ ಡಬ್ಬಿ ನನ್ನ ಕೈಜಾರಿ, ಪಕ್ಕದಲ್ಲಿಟ್ಟಿದ್ದ ಆ ಮೊದಲನೆಯ ಸಂಪುಟದ ಮೇಲೆ ಬಿತ್ತು.

ಆಮೇಲೆ ಅಮ್ಮ ವಿಶೇಷವನ್ನು ಕೇಳಲಿಲ್ಲ, ಕಥೆಯನ್ನೂ ಕೇಳಲಿಲ್ಲ. ಗೆದ್ದೆನೆಂದು ಬೀಗಿದ್ದು ಎರಡೇ ದಿನ. ಒಪ್ಪಿ ಸುಮ್ಮನಾದಳೋ ನೊಂದು ಸುಮ್ಮನಾದಳೋ ತಿಳಿಯದೆ ಸಂಕಟವಾಯಿತು. ಕೇಳುವ ಧೈರ್ಯ ಬರುವ ಮೊದಲೇ ಅವಳು ಊರಿಗೆ ಹೊರಟಳು.

ಈ ಎರಡನೆಯ ಸಂಪುಟದಲ್ಲಿ ನೋಡಿ, ರಾಣಿ ಬಸುರಿ. ಲೋಕ ಉಳಿಸಲು ಆ ಮಗುವೇ ಬೇಕಂತೆ. ಲೇಖಕ ಮಹಾಶಯ ಅವಳ ಮನಸ್ಸನ್ನು ಒಂದೇ ಅಧ್ಯಾಯದಲ್ಲಿ ತಿರುಗಿಸಿ ತೊಟ್ಟಿಲು ಕಟ್ಟಿಬಿಟ್ಟಿದ್ದಾನೆ. ಲೋಕ ಕಾಯುವ ಚಾಕರಿ ಯಾವಾಗಲೂ ಹುಟ್ಟದ ಮಕ್ಕಳ ಪಾಲಿಗೇ ಏಕೋ!

ಎರಡೂ ಸಂಪುಟ ಕೈಯಲ್ಲಿರುವಾಗಲೇ ಅಮ್ಮನ ಫೋನು ಬಂತು. ಇಂಗಿನ ವಿಷಯ ಹೇಳಿದೆ. ಅವಳು ಕೇಳಿದಳು:

"ಆ ರಾಣಿ ಏನಾದ್ಳೇ?"

"ಮಗು ಆಗತ್ತಂತಮ್ಮ."

"ಅವಳಿಗೆ ಬೇಕಿತ್ತಾ?"

"ಅವಳನ್ನ ಯಾರೂ ಕೇಳಲೇ ಇಲ್ಲ."

"ಹಾಗಾದ್ರೆ ಆ ಪುಸ್ತಕ ಮುಚ್ಚಿಡು. ಮುಂದಿನ ಕಥೆ ನೀನೇ ಹೇಳು."

ಮುಚ್ಚಿಟ್ಟೆ. ಗಂಟಲು ಸರಿಮಾಡಿಕೊಂಡು, "ಒಬ್ಬ ರಾಣಿ ಇದ್ದಳಮ್ಮ, ಅವಳಿಗೆ ಮಗು ಬೇಡವಾಗಿತ್ತು" ಎಂದೆ.

"ಹೂಂ" ಅಂದಳು ಅಮ್ಮ.