ಸಾವಿತ್ರಿ ಟೆಸ್ಟ್ ಯಾಕೆ ಬರೆಯಲಿಲ್ಲ?

ಅಂಕಪಟ್ಟಿಯಲ್ಲಿ ಸಾವಿತ್ರಿಯ ಹೆಸರಿನ ಮುಂದೆ ಸೊನ್ನೆ ಹಾಕುವ ಮುನ್ನ ಒಂದು ಫೋನ್ ಮಾಡಿದೆ. ಬೈಯೋಣ ಅಂತಲೇ ಮಾಡಿದ್ದು.

ಸಾವಿತ್ರಿ ಔರಾದ್ ತಾಲ್ಲೂಕಿನ ಡಾಬಕಾದವಳು, ಬಿಎ ಎರಡನೇ ವರ್ಷ. ಕಣ್ಣು ಕಾಣುವುದಿಲ್ಲ. ಫೋನು ಗಟ್ಟಿಯಾಗಿ ಓದಿ ಹೇಳಿದ್ದನ್ನು ಕೇಳಿಸಿಕೊಂಡು ಕಲಿಯುತ್ತಾಳೆ. ನಾನು ಬೀದರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು (ನಿಮಗೆ ಗೊತ್ತೇ ಇದೆ, ಆಗಾಗ ಹೇಳಿಕೊಳ್ಳುವ ಚಟ). ಈ ಸೆಮಿಸ್ಟರಿನಲ್ಲಿ ನನ್ನ ಒಂದು ಪೇಪರ್ ಪೂರ್ತಿ ಆನ್‌ಲೈನ್. ಟೆಸ್ಟ್ ಬರೆಯದಿದ್ದರೆ ಇಂಟರ್ನಲ್ ಮಾರ್ಕ್ಸ್ ಇಲ್ಲ. ಅದಿಲ್ಲದಿದ್ದರೆ ಪೇಪರೇ ಹೋಯಿತು.

"ಯಾಕ ಸಾವಿತ್ರಿ, ಟೆಸ್ಟ್ ಬರದಿಲ್ಲಲ್ಲ?"

"ಹ್ಯಾಂಗ ಬರಿಬೇಕ್ರಿ ಸರ? ನಿಮ್ಮ ನೋಟ್ಸ್ ತೆಗದ್ರ ನನ್ನ ಫೋನು 'ಇಮೇಜ್, ಇಮೇಜ್' ಅಂತದ್ರಿ. ಮುಂದ ಏನೂ ಹೇಳಂಗಿಲ್ರಿ. ವಿಡಿಯೋದಾಗ ನೀವು 'ಈ ಗೆರಿ ನೋಡ್ರಿ, ಇಲ್ಲಿ ಇಳೀತದ' ಅಂತೀರಿ. ಯಾವ ಗೆರಿ, ಎಲ್ಲಿ ಇಳೀತದ್ರಿ?"

ನೋಟ್ಸ್ ಹೇಗೆ ಮಾಡಿದ್ದೆ ಗೊತ್ತೇ? ಹಳೆಯ ನೋಟ್‌ಬುಕ್ಕಿನ ಒಂದೊಂದು ಹಾಳೆಗೂ ಮೊಬೈಲಿನಲ್ಲಿ ಫೋಟೋ ಹೊಡೆದು ಪಿಡಿಎಫ್ ಮಾಡಿದ್ದೆ. ನಮ್ಮಲ್ಲಿ ಎಲ್ಲರೂ ಮಾಡುವುದು ಹಾಗೇ. ನನ್ನ ಮುದ್ದಾದ ಅಕ್ಷರ (ಹೆಂಡತಿ ಒಪ್ಪುವುದಿಲ್ಲ) ಅವಳ ಫೋನಿಗೆ ಬರೀ ಚಿತ್ರ.

ಅವತ್ತೇ ಕಣ್ಣು ಮುಚ್ಚಿಕೊಂಡು ನನ್ನ ವಿಡಿಯೋ ಕೇಳಿದೆ. ಇದು, ಅದು, ಇಲ್ಲಿ, ಅಲ್ಲಿ! ಪಾಠ ಮಾಡಿದವನಿಗೇ ತಲೆಬುಡ ತಿಳಿಯಲಿಲ್ಲ. ನಾಚಿಕೆಯಾಯಿತು.

ನೋಟ್ಸ್ ಟೈಪ್ ಮಾಡಿದೆ. ವಿಡಿಯೋ ಮತ್ತೆ ಮಾಡಿದೆ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಅದಕ್ಕೇ ಗೆರೆ ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಬರುತ್ತದೆ ಎಂದು ಬಾಯಿಬಿಟ್ಟು ಹೇಳಿದೆ. ಭಾಲ್ಕಿಯಿಂದ ಬಸ್ಸಿನಲ್ಲಿ ಬರುವ ಹುಡುಗರು, "ಈಗ ತಿಳೀಲತದ ನೋಡ್ರಿ ಸರ" ಎಂದರು. ಹಾಗಾದರೆ ಕಣ್ಣಿದ್ದವರಿಗೂ ಇಷ್ಟು ದಿನ ತಿಳಿದಿರಲಿಲ್ಲವೇ?

ಸಾವಿತ್ರಿಗೆ ಇನ್ನೊಂದು ಟೆಸ್ಟ್ ಕೊಡಿ ಎಂದು ನಮ್ಮ ವಿಭಾಗದ ಮುಖ್ಯಸ್ಥರನ್ನು ಕೇಳಿದೆ.

"ತ್ರಾಸ ಇದ್ರ ಕಂಪ್ಲೇಂಟ್ ಫಾರ್ಮ್ ತುಂಬಬೇಕಿತ್ತಲ್ರಿ? ವೆಬ್‌ಸೈಟ್‌ನ್ಯಾಗ ಹಾಕೇವಿ. ಒಂದೂ ಬಂದಿಲ್ಲ" ಎಂದರು.

ಅವರ ಫೋನಿನಲ್ಲೇ ಓದಿ ಹೇಳುವ ಸೌಲಭ್ಯ ಆನ್ ಮಾಡಿ, ಆ ಫಾರ್ಮ್ ತೆರೆದು ಕೈಗೆ ಕೊಟ್ಟೆ.

"ಇಮೇಜ್" ಎಂದಿತು ಫೋನು.

ಸಾಹೇಬರು ಇನ್ನೊಂದು ಟೆಸ್ಟಿನ ಅರ್ಜಿಗೆ ಸಹಿ ಹಾಕಿದರು. ಸೋಮವಾರ ಸಾವಿತ್ರಿ ಟೆಸ್ಟ್ ಬರೆಯುತ್ತಾಳೆ.

ಕಾಲೇಜಿನ ವರದಿಯಲ್ಲಿ ಮಾತ್ರ ಇನ್ನೂ ಹಾಗೇ ಇದೆ: ದೂರುಗಳು, ಇಲ್ಲ.